ಗ್ಯಾಸ್ ಆಫ್ ಮಾಡಲು ಹೋದ ಗಿರೀಶ

ಕಳೆದ ತಿಂಗಳು ನನ್ನ ಗೆಳೆಯ ಗಿರೀಶ ಸತ್ತ. ಕಾಯಿಲೆಯಲ್ಲ, ಆಕ್ಸಿಡೆಂಟೂ ಅಲ್ಲ. ಸೋಡಾ ಮಾಡಲು ಮನೆಗೆ ತಂದಿಟ್ಟುಕೊಂಡಿದ್ದ ಗ್ಯಾಸು ಅವನನ್ನು ಕೊಂದಿತು. ಆಗ ನಾನು ಅದೇ ಮನೆಯಲ್ಲಿದ್ದೆ.

(ಈ ವಾರವೂ ನಗಬಹುದೆಂದು ಪುಟ ತೆರೆದವರು ಕ್ಷಮಿಸಬೇಕು.)

ಗಿರೀಶ ಮೈಸೂರಿನಲ್ಲಿ ನನ್ನ ಕ್ಲಾಸ್‌ಮೇಟ್. ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದ. ನಾನಿರುವ ಊರು ಸ್ಕೋಕಿಯಿಂದ ವರ್ಷಕ್ಕೊಮ್ಮೆಯಾದರೂ ಡ್ರೈವ್ ಮಾಡಿಕೊಂಡು ಹೋಗಿ ಅವನ ಮನೆಯಲ್ಲಿ ಬಿದ್ದಿರುತ್ತಿದ್ದೆ. ಊಟವಾದ ಮೇಲೆ ಅವನಿಗೆ ಉಪ್ಪು, ನಿಂಬೆಹಣ್ಣು ಹಿಂಡಿದ ಸೋಡಾ ಆಗಲೇಬೇಕು. ಅಂಗಡಿಯ ಕ್ಯಾನು ಅವನ ಪಾಲಿಗೆ ಸಪ್ಪೆ.

"ನಾಲಿಗೆಗೆ ಚುರ್ ಅನ್ಬೇಕು ಕಣೋ. ಇಲ್ದಿದ್ರೆ ಅದೆಂಥ ಸೋಡಾ?"

ಅದಕ್ಕೇ ಬಿಯರ್ ತುಂಬಿಸುವ ಸ್ಟೀಲ್ ಕೆಗ್ ತಂದು ನೀರು ತುಂಬಿಸಿದ. ಹಳೆಯ ಫ್ರಿಜ್ಜಿನೊಳಗೆ ಕೆಗ್, ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಫ್ರಿಜ್ಜಿನ ಬಾಗಿಲಿಗೊಂದು ನಲ್ಲಿ. ನಲ್ಲಿ ಎಳೆದರೆ ಬುಸ್ಸನೆ ಸೋಡಾ. ಇದೆಲ್ಲ ಇದ್ದದ್ದು ಬೇಸ್‌ಮೆಂಟಿನ ಮೂಲೆಯಲ್ಲಿ, ಕಿಟಕಿಯಿಲ್ಲದ ಪುಟ್ಟ ಕೋಣೆಯೊಳಗೆ. ಅಕ್ಕಿಮೂಟೆಯೂ ಅಲ್ಲೇ.

ಸಾಯುವ ದಿನ ಬೆಳಿಗ್ಗೆ ಗಿರೀಶ ಹೊಸದಾಗಿ ತುಂಬಿಸಿದ ಸಿಲಿಂಡರ್ ಜೋಡಿಸಿದ. ಆ ಕೋಣೆಯ ಬಾಗಿಲು ಮುಚ್ಚಿ, ಅವನು, ಅವನ ಹೆಂಡತಿ ಸುಧಾ, ನಾನು ಡೆಟ್ರಾಯಿಟ್‌ಗೆ ಹೋಗಿ ನದಿ ದಂಡೆಯಲ್ಲಿ ಸುತ್ತಾಡಿ ಸಂಜೆ ವಾಪಸು ಬಂದೆವು. ಅಷ್ಟು ಹೊತ್ತೂ ಜೋಡಣೆಯಲ್ಲಿ ಎಲ್ಲೋ ಗ್ಯಾಸ್ ಸೋರುತ್ತಿತ್ತು. ಬಣ್ಣವಿಲ್ಲದ್ದು ಯಾರಿಗೆ ಕಾಣಬೇಕು? ಗೋಡೆಯ ಮೇಲೆ ಅಲಾರಂ ಇತ್ತು. ಆದರೆ ಅದು ಕಾರ್ಬನ್ ಮೊನಾಕ್ಸೈಡಿಗೆ ಮಾತ್ರ ಕೂಗುವಂಥದ್ದು. ಇದು ಬೇರೆ ಗ್ಯಾಸು, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಎರಡು ಉಸಿರಿಗೇ ಕೆಡವುವಂಥದ್ದು. ಅಲಾರಂ ಸುಮ್ಮನಿತ್ತು.

ರಾತ್ರಿಯ ಅಡುಗೆಗೆ ಅಕ್ಕಿ ತರಲು ಸುಧಾ ಕೆಳಗಿಳಿದಳು. ಧೊಪ್ಪೆಂದು ಸದ್ದಾಯಿತು.

ಗಿರೀಶ ಓಡಿದ. ಹಿಂದೆಯೇ ನಾನು. ಅವಳು ಹೊಸ್ತಿಲ ಒಳಗಡೆಯೇ ಮುಖ ಕೆಳಗಾಗಿ ಬಿದ್ದಿದ್ದಳು. ಅವನು ಎರಡೂ ತೋಳು ಹಿಡಿದು ಹೊರಗೆಳೆದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಮ್ಮಿದಳು, ಉಸಿರೆಳೆದುಕೊಂಡಳು. ಅವನ ಮುಖ ಹೆದರಿ ಇಷ್ಟೇ ಇಷ್ಟಾಗಿತ್ತು.

"ಗ್ಯಾಸ್ ಲೀಕ್ ಆಗಿದೆ ಕಣೋ. ಇವಳನ್ನ ಮೇಲಕ್ಕೆ ಕರ್ಕೊಂಡು ಹೋಗು. ಆಫ್ ಮಾಡಿ ಬಂದೆ."

"ಬೇಡ್ವೋ, ಬಾ!"

"ಒಂದೇ ನಿಮಿಷ. ಉಸಿರು ಕಟ್ಕೊಂಡು ಹೋಗ್ತೀನಿ."

ಒಂದೇ ನಿಮಿಷ ಎನ್ನುವುದು ನಾವೆಲ್ಲ ದಿನಾ ಹೇಳುವ ಮಾತೇ ತಾನೇ?

ಸುಧಾಳನ್ನು ಎತ್ತಿಕೊಂಡು ಮೇಲೆ ಬಂದು ಮನೆಯ ಹೊರಗಿನ ಹುಲ್ಲಿನ ಮೇಲೆ ಮಲಗಿಸಿ 911ಗೆ ಫೋನ್ ಮಾಡಿದೆ. ಮತ್ತೆ ಮೆಟ್ಟಿಲಿಳಿಯುತ್ತ ಅವನ ಹೆಸರು ಹಿಡಿದು ಕೂಗಿದೆ. ಅರ್ಧ ಮೆಟ್ಟಿಲಿನಿಂದ ಅವನ ಪಾದಗಳು ಕಾಣುತ್ತಿದ್ದವು. ಫೋನಿನಲ್ಲಿದ್ದ ಹೆಂಗಸು ಒಳಗೆ ಹೋಗಬೇಡ, ನೀನೂ ಬೀಳುತ್ತೀಯ ಎಂದು ಕಿರುಚುತ್ತಿದ್ದಳು. ನಿಂತೆ. ಆ ನಿಲ್ಲುವಿಕೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಉಸಿರಾಟದ ಮಾಸ್ಕ್ ತೊಟ್ಟ ಫೈರ್‌ಮನ್‌ಗಳು ಅವನನ್ನು ಹೊರಗೆ ತಂದರು. ಎದೆ ಒತ್ತಿದರು, ಒತ್ತುತ್ತಲೇ ಇದ್ದರು. ಉಸಿರು ಮರಳಲಿಲ್ಲ. ಸಿಲಿಂಡರಿನ ವಾಲ್ವ್ ಪೂರ್ತಿ ಬಂದ್ ಆಗಿತ್ತೆಂದು ಅವರಲ್ಲೊಬ್ಬ ನನಗೆ ಹೇಳಿದ. ಹೋದ ಕೆಲಸ ಮುಗಿಸಿದ್ದ ಗಿರೀಶ.

ಮೂರನೇ ದಿನ ಸುಧಾಳನ್ನು ಮಾತಾಡಿಸಲು ಜನ ಬಂದರು. ಒಳ್ಳೆಯವರೇ. ಅನ್ನ, ಸಾರು ತಂದವರೇ. ಸೋಫಾದಲ್ಲಿ ಕೂತ ಒಬ್ಬ ಅಂಕಲ್ ನಿಟ್ಟುಸಿರು ಬಿಟ್ಟರು. "ಎಷ್ಟು ಓದಿದ್ರೇನು ಬಂತು? ಒಂದು ಲೋಟ ಸೋಡಾಗೆ ಪ್ರಾಣ ಕಳ್ಕೊಂಡ."

"ಅಂಗಡೀಲಿ ಸಿಗಲ್ವಾ?" ಎಂದರು ಪಕ್ಕದ ಆಂಟಿ.

ಸುಧಾ ಗೋಡೆಗೊರಗಿ ಕೂತಿದ್ದಳು.

"ಸೋಡಾಗಲ್ಲ ಅಂಕಲ್," ಎಂದಳು. "ಒಳಗೆ ನಾನು ಬಿದ್ದಿದ್ದೆ. ನನಗೋಸ್ಕರ ಬಂದ್ರು."

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಕಲ್ ಗಂಟಲು ಸರಿಮಾಡಿಕೊಂಡರು.

"ಸರಿಯಮ್ಮ. ಆದ್ರೆ ಎರಡನೇ ಸಲ ಯಾಕೆ ಹೋದ?"

ಸುಧಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅವಳೂ ಅದನ್ನೇ ಕೇಳುತ್ತಿದ್ದಾಳೆ. ದಿನಾ ಫೋನಿನಲ್ಲಿ, ನನ್ನನ್ನು. "ಅಣ್ಣಾ, ಯಾಕೆ ಮತ್ತೆ ಹೋದ್ರು?"

ಸಾವಿನ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನೂ ನಮಗೆ ಯಾರಾದರೂ ಕಲಿಸಬೇಕೇ?