ತರೀಕೆರೆಯಲ್ಲಿ ನಿಂತ ವಿಮಾನ

ಜಾಯ್‌ಸ್ಟಿಕ್ಕಿನ ಬುಡದಲ್ಲಿ, ರಬ್ಬರಿನ ಮಡಿಕೆಗಳ ನಡುವೆ, ಬೆಳ್ಳಗೆ ಏನೋ ಕೂತಿತ್ತು. ಧೂಳು ಎಂದುಕೊಂಡು ಬಟ್ಟೆಯ ತುದಿಯಿಂದ ಒರೆಸಿದೆ. ಹೋಗಲಿಲ್ಲ. ಬೆರಳಿನಿಂದ ತೆಗೆದಾಗ ನುಣ್ಣಗೆ ಹತ್ತಿಕೊಂಡಿತು. ವಿಭೂತಿ. ಮೂಸಿ ನೋಡಿದೆ, ಅದರ ಜೊತೆಗೆ ಹಳೆಯ ಪ್ಲಾಸ್ಟಿಕ್ಕಿನ, ಬಿಸಿಯಾದ ತಂತಿಯ ವಾಸನೆಯೂ ಇತ್ತು. ಹತ್ತು ವರ್ಷದಿಂದ ಯಾರೂ ಮುಟ್ಟದ ವಸ್ತುವಿನಲ್ಲಿ ಒಬ್ಬರ ಮುಂಗೈ ಹಾಗೇ ಉಳಿದುಕೊಂಡಿತ್ತು.

ಅದು ನನ್ನ ಕೈಗೆ ಬರುವ ಮೊದಲೇ, ಈ ಸಲದ ಬೇಸಿಗೆ ರಜೆಯಲ್ಲಿ, ನಾನು ವಿಮಾನ ಹಾರಿಸಲು ಕೂತಿದ್ದೆ. ಕಂಪ್ಯೂಟರಿನೊಳಗಿನ ವಿಮಾನ. ಕಡೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಒಬ್ಬಳೇ ಇರುತ್ತೇನೆ. ರಜೆಯ ಮಧ್ಯಾಹ್ನಗಳು ಉದ್ದ. ಈಗಿನ ಸಿಮ್ಯುಲೇಟರುಗಳು ಉಪಗ್ರಹದ ಚಿತ್ರಗಳನ್ನೇ ನೆಲಕ್ಕೆ ಹಾಸುತ್ತವೆ. ಬೀರೂರಿನ ಮೇಲೆ ಹೋದರೆ ಹಳಿಗಳು ಕವಲೊಡೆಯುವುದು ಕಾಣುತ್ತದೆ, ನಾವು ಬಾಡಿಗೆಗಿದ್ದ ವಠಾರದ ಹೆಂಚು ಕೂಡ ಕಾಣುತ್ತದೆ. ಆದರೆ ನನ್ನಿಂದ ಹಾರಿಸಲು ಆಗುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡುವವರೆಗೆ ಎಲ್ಲ ಸರಿ. ಬ್ರೇಕ್ ಬಿಡುವ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. ಎಲ್ಲಿಂದಲೋ ಏನೋ ಬರಬೇಕು, ಇನ್ನೂ ಬಂದಿಲ್ಲ ಎನ್ನುವ ಹಾಗೆ ಸುಮ್ಮನೆ ಕೂತಿರುತ್ತಿದ್ದೆ. ಮೂರು ಮಧ್ಯಾಹ್ನ ಹೀಗೇ ಆಯಿತು. ಏನು ಬರಬೇಕಿತ್ತು ಎಂಬುದು ನನಗೆ ಗೊತ್ತಿತ್ತು.

ಅವರನ್ನು ವಠಾರದ ಮಕ್ಕಳೆಲ್ಲ ಕ್ಯಾಬಿನ್ ತಾತ ಎನ್ನುತ್ತಿದ್ದೆವು. ನಮ್ಮ ಪಕ್ಕದ ಮನೆ. ಬೀರೂರು ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಗೆ, ತೋಳಿಗೆ, ಮುಂಗೈಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಳಕೋಣೆಗೆ ಹೋಗಿ ಕೂರುತ್ತಿದ್ದರು. ಅಲ್ಲಿ ಅವರ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಇತ್ತು. ಅದರೊಳಗೆ ಯಾರೋ ಹಾಕಿಕೊಟ್ಟ ವಿಮಾನದ ಆಟ.

ಅದನ್ನು ಆಟ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಮೂವತ್ತು ವರ್ಷ ಬೇರೆಯವ್ರನ್ನ ಕಳ್ಸಿದ್ದೇ ಆಯ್ತು ಕಣವ್ವ. ಈಗ ನಾನು ಹೋಗಿ ನೋಡ್ತಿದೀನಿ" ಎಂದಿದ್ದರು ಒಮ್ಮೆ.

ಹೋಗಿ ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಆಗಿನ ಸಿಮ್ಯುಲೇಟರಿನಲ್ಲಿ ಬೀರೂರು ಇರಲಿಲ್ಲ, ತರೀಕೆರೆ ಇರಲಿಲ್ಲ, ಅಜ್ಜಂಪುರವೂ ಇರಲಿಲ್ಲ. ಕಂದು, ಹಸಿರು ಚೌಕಗಳು ಒಂದೇ ಸಮನೆ ಹಾಸಿಕೊಂಡಿದ್ದವು. ಭದ್ರಾ ಜಲಾಶಯದ ಕಡೆ ಒಂದು ಚಪ್ಪಟೆ ನೀಲಿ. ನನ್ನ ಶಾಲೆಯ ಅಟ್ಲಾಸಿನಿಂದ ಅಕ್ಷಾಂಶ ರೇಖಾಂಶಗಳನ್ನು ಲೆಕ್ಕ ಹಾಕಿಕೊಟ್ಟದ್ದು ನಾನೇ. ಎಂಟನೇ ತರಗತಿಯಲ್ಲಿದ್ದೆ. ಆ ಬಯಲಿನಲ್ಲಿ ಇದು ಬೀರೂರು ಎಂದು ಒಂದು ಬಿಂದುವಿನಲ್ಲಿ ವಿಮಾನ ನಿಲ್ಲಿಸಿದರು. ಅಲ್ಲಿಂದಾಚೆಗೆ ದಿಕ್ಸೂಚಿಯ ಮುಳ್ಳು, ಅವರ ಕೈಗಡಿಯಾರ. ಐದು ನಿಮಿಷಕ್ಕೆ "ಈಗ ಅಜ್ಜಂಪುರ" ಎನ್ನುವರು. ಕೆಳಗೆ ಕಂದು ಚೌಕ. ಎಡಕ್ಕೆ ತಿರುಗಿ ಇನ್ನಷ್ಟು ಹೊತ್ತು ಹೋಗಿ, "ಅಮೃತಾಪುರದ ಗುಡಿ ಬಲಗಡೆ ಬಿಡ್ತು" ಎನ್ನುವರು. ಅಲ್ಲೂ ಕಂದು ಚೌಕ. ನನಗೆ ಮಾತ್ರ ಸ್ವಲ್ಪ ದಿನಕ್ಕೆ ಗುಡಿಯೇ ಕಾಣತೊಡಗಿತು...

ವಿಮಾನ ಸುಮ್ಮನೆ ಏರುತ್ತಿರಲಿಲ್ಲ. ಹಳಿ ಖಾಲಿಯಿದೆ ಎಂದು ಮುಂದಿನ ಸ್ಟೇಷನ್ನು ಲೈನ್ ಕ್ಲಿಯರ್ ಕೊಡದೆ ಹಿಂದಿನ ಸ್ಟೇಷನ್ನು ರೈಲು ಬಿಡುವ ಹಾಗಿಲ್ಲ. ಅದೇ ಕಾನೂನು ಇಲ್ಲಿಗೂ. ಅವರು ಒಳಕೋಣೆಯಲ್ಲಿ ಬೀರೂರು. ನಾನು ಪಡಸಾಲೆಯ ಮಂಚದ ಮೇಲೆ ಕೂತು ತರೀಕೆರೆ, ಕೆಲವು ದಿನ ಅಜ್ಜಂಪುರ. ಇಬ್ಬರ ಹತ್ತಿರವೂ ಒಂದೊಂದು ಉದ್ದನೆಯ ನೋಟ್‌ಬುಕ್ಕು, ಒಂದು ಸ್ಟೀಲ್ ಲೋಟ, ಒಂದು ಚಮಚ. ಅವರು ಲೋಟಕ್ಕೆ ಎರಡು ಸಲ ಹೊಡೆದರೆ ಲೈನ್ ಕೇಳುತ್ತಿದ್ದಾರೆ ಎಂದರ್ಥ. ನಾನೂ ಎರಡು ಹೊಡೆದು ತೋಚಿದ ಒಂದು ನಂಬರ್ ಹೇಳಬೇಕು. ಆ ನಂಬರ್ ಎರಡೂ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಬ್ರೇಕ್ ಬಿಡುತ್ತಿದ್ದರು. ಬೇರೆ ಹೊತ್ತಿನಲ್ಲಿ ನನ್ನನ್ನು "ಬಾರೇ, ಹೋಗೇ" ಎನ್ನುವವರು ಆಗ ಬಹುವಚನಕ್ಕೆ ಬರುತ್ತಿದ್ದರು.

"ತರೀಕೆರೆ ಮಾಷ್ಟ್ರೇ, ಲೈನ್ ಕೊಡ್ತೀರಾ?"

"ತಗೊಳ್ರಿ ಬೀರೂರು. ಮೂವತ್ತೆರಡು."

ಅಡುಗೆಮನೆಯಿಂದ ಅಜ್ಜಿ, ಎಂದರೆ ಅವರ ಹೆಂಡತಿ, "ಇಬ್ರು ಮಾಷ್ಟ್ರಿಗೂ ಕಾಫಿ ಬೇಕೋ, ಅದ್ಕೂ ನಂಬರ್ ಕೊಡ್ಬೇಕೋ?" ಎನ್ನುವರು.

ವಿಮಾನ ಇಳಿದು ನಿಂತ ಮೇಲೆ ಅವರು ಲೋಟಕ್ಕೆ ಮೂರು ಪೆಟ್ಟು ಹೊಡೆಯುವರು. ಆಗ ನಾನು ಎದ್ದು ಒಳಗೆ ಹೋಗಿ, ಪರದೆಯ ಮೇಲೆ ವಿಮಾನ ಪೂರ್ತಿ ಬಂದು ನಿಂತಿರುವುದನ್ನು ಕಣ್ಣಾರೆ ನೋಡಿ, ವಾಪಸ್ ಬಂದು ನನ್ನ ಪುಸ್ತಕದಲ್ಲಿ "ಬಂತು" ಎಂದು ಬರೆದು, ಮೂರು ಪೆಟ್ಟು ಹೊಡೆಯಬೇಕು. ಅದನ್ನು ಕೇಳಿಸಿಕೊಂಡು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವರು. ಅಲ್ಲಿಗೆ ಲೈನು ಖಾಲಿ. ಅಲ್ಲಿಯವರೆಗೆ ಅದರ ಮೇಲೆ ಇನ್ನೊಂದನ್ನು ಬಿಡುವಂತಿಲ್ಲ. ಕೊನೆಯಲ್ಲಿ ಒಂದು ಅಂಕಣ ಇತ್ತು, ಕೆಂಪು ಶಾಯಿಯಲ್ಲಿ ಅವರೇ ಗೆರೆ ಎಳೆದದ್ದು: ತಡವಾದರೆ ಕಾರಣ. ನಾನು ಎದ್ದು ಬರುವುದು ತಡವಾದರೆ ಅಲ್ಲಿ ಬರೆಯಬೇಕು. "ಅಮ್ಮ ಕರೆದಳು." "ಹಾಲು ತರಲು ಹೋಗಿದ್ದೆ." ಒಮ್ಮೆ ಕತೆ ಪುಸ್ತಕದಲ್ಲಿ ಮುಳುಗಿ ಕೂತಿದ್ದವಳು ಎದ್ದು ನೋಡದೆಯೇ "ಬಂತು" ಎಂದು ಬರೆದು ಲೋಟ ಬಡಿದುಬಿಟ್ಟೆ. ಅವರಿಗೆ ಹೆಜ್ಜೆಯ ಸದ್ದು ಕೇಳಿಸಿರಲಿಲ್ಲವಲ್ಲ, ಗೊತ್ತಾಯಿತು. ಬಂದು ಮಂಚದ ಪಕ್ಕ ನಿಂತರು. ಬೈಯಲಿಲ್ಲ.

"ಕಣ್ಣಲ್ಲಿ ನೋಡ್ದೆ ಬರೀಬಾರ್ದು ಕಣವ್ವ. ತಡ ಆದ್ರೆ ಆಗ್ಲಿ, ಬರೆಯೋದು ನಿಜ ಇರ್ಬೇಕು."

ಆಮೇಲೆ ಅವರೇ ಒಂದು ಸಂಗತಿ ಹೇಳಿದರು. ಗೂಡ್ಸ್ ರೈಲು ಬಂದಾಗ ಕೊನೆಯ ಡಬ್ಬಿಯ ಹಿಂದಿನ ಗುರುತನ್ನು ನೋಡಿಯೇ ರೈಲು ಪೂರ್ತಿ ಬಂತು ಎಂದು ಬರೆಯಬೇಕು. ಒಬ್ಬ ಕ್ಯಾಬಿನ್ನಿನವನು ಮಳೆ ಎಂದು ಕಿಟಕಿಯಾಚೆ ಬಗ್ಗಿ ನೋಡದೆ ಬರೆದಿದ್ದ. ನಾಲ್ಕು ಡಬ್ಬಿ ಕಳಚಿಕೊಂಡು ಹಿಂದೆ ಹಳಿಯ ಮೇಲೇ ಉಳಿದಿದ್ದವು. ಮುಂದಿನ ಗಾಡಿಯ ಡ್ರೈವರ್ ದೂರದಿಂದಲೇ ಕಂಡು ನಿಲ್ಲಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆ ಕ್ಯಾಬಿನ್ನಿನವನು ಯಾರು ಎಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಎರಡನೇ ಪಿಯುಸಿ ಮುಗಿಯುವವರೆಗೆ, ಭಾನುವಾರದ ಮಧ್ಯಾಹ್ನಗಳಲ್ಲಿ, ನಾನು ತರೀಕೆರೆಯಾಗಿದ್ದೆ. ಯಾರಿಗೂ ಹೇಳಿರಲಿಲ್ಲ. ಆ ವಯಸ್ಸಿನಲ್ಲಿ ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಕೊನೆಯ ಭಾನುವಾರ ನಂಬರ್ ಕೊಟ್ಟಿದ್ದೆ, ನಲವತ್ತೇಳು. ವಿಮಾನ ಬೀರೂರು ಬಿಟ್ಟಿತ್ತು. ಅಷ್ಟರಲ್ಲಿ ಕಾಲೇಜಿನ ಇಬ್ಬರು ಗೆಳತಿಯರು ನನ್ನನ್ನು ಹುಡುಕಿಕೊಂಡು ಬಂದರು. ನಮ್ಮ ಮನೆಯಲ್ಲಿ ಅಮ್ಮ ಪಕ್ಕಕ್ಕೆ ಕೈ ತೋರಿಸಿರಬೇಕು. ಕಡೂರಿಗೆ ಹೋಗಿ ಡಿಗ್ರಿಯ ಅರ್ಜಿಗೆ ಫೋಟೋ ತೆಗೆಸಿ ಬರೋಣ ಎಂದರು. ಒಬ್ಬಳು ಮಂಚದ ಮೇಲಿನ ಲೋಟ, ಚಮಚ, ಪುಸ್ತಕ ನೋಡಿದಳು.

"ಏನೇ ಇದು? ಸ್ಟೇಷನ್ ಆಟ ಆಡ್ತಿದೀಯಾ?"

ನಾನು ನಕ್ಕೆ. ತಾತನಿಗೆ ಹೊತ್ತು ಹೋಗಲ್ಲ, ಸುಮ್ನೆ ಕೂತಿದ್ದೆ ಎಂದೆ. ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ತಳ್ಳಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಒಳಗಿನಿಂದ ಲೋಟದ ಸದ್ದು ಬಂತು. ಒಂದು, ಎರಡು, ಮೂರು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಗೆಳತಿಯರ ಜೊತೆ ಹೊರಟೆ. ವಠಾರದ ಗೇಟು ದಾಟುವಾಗ ಇನ್ನೊಮ್ಮೆ ಕೇಳಿಸಿತು, ಮೂರು.

ಸಂಜೆ ಹೋಗೋಣ ಎಂದುಕೊಂಡಿದ್ದೆ. ಸಂಜೆ ನಾಚಿಕೆಯಾಯಿತು. ಅದೇ ತಿಂಗಳು ನಾವು ಕಡೂರಿಗೆ ಮನೆ ಬದಲಿಸಿದೆವು. ಆಮೇಲೆ ಹಾಸ್ಟೆಲ್ಲು, ಯೂನಿವರ್ಸಿಟಿ...

ಒಂದು ಸಲ ಹೋಗಿದ್ದೆ. ಬರುತ್ತೇನೆಂದು ಅಮ್ಮ ಮೊದಲೇ ಫೋನ್ ಮಾಡಿ ಹೇಳಿದ್ದಳು. ತಾತ ಪಡಸಾಲೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಸೊರಗಿದ್ದರು. ಈಗ ಹಾರಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಕಣ್ಣು ಮಂಜು ಎಂದರು. ನನಗೆ ಒಳಗೊಳಗೇ ನಿರಾಳವಾಯಿತು. ಒಳಕೋಣೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಆಚೆಯಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಫ್ಯಾನು ಇರಬೇಕು ಎಂದುಕೊಂಡೆ. ಹೊರಡಲು ಎದ್ದಾಗ ಅವರು ಕೇಳಿದರು:

"ಒಳಗೆ ಬಂದು ಒಂದ್ಸಲ ನೋಡಿ ಹೋಗ್ತೀರಾ?"

ಬಸ್ಸಿಗೆ ಹೊತ್ತಾಯಿತು, ಮುಂದಿನ ಸಲ ಬರುತ್ತೇನೆ ತಾತ ಎಂದೆ. ಅವರು ಬಹುವಚನದಲ್ಲಿ ಕೇಳಿದ್ದರು ಎಂಬುದು ನನಗೆ ಹೊಳೆದದ್ದು ಬಸ್ಸು ಬೀರೂರು ಬಿಟ್ಟ ಮೇಲೆ. ಇಳಿದು ವಾಪಸ್ ಹೋಗಬಹುದಾಗಿತ್ತು. ಕಡೂರಿಗೆ ಟಿಕೆಟ್ ತೆಗೆದುಕೊಂಡೆ.

ನಾನು ಪರೀಕ್ಷೆ ಬರೆಯುತ್ತಿದ್ದಾಗ ಅವರು ಲಿಂಗೈಕ್ಯರಾದರು. ಮನೆಯವರು ಪರೀಕ್ಷೆ ಮುಗಿಯಲೆಂದು ನನಗೆ ತಿಳಿಸಲಿಲ್ಲ. ಊರಿಗೆ ಬಂದಾಗ ಶಿವಗಣಾರಾಧನೆಯ ಕಾರ್ಡು ಟಿವಿಯ ಮೇಲಿತ್ತು, ತಾರೀಖು ದಾಟಿಹೋಗಿತ್ತು.

ಮೂರನೇ ಮಧ್ಯಾಹ್ನವೂ ಬ್ರೇಕ್ ಬಿಡಲಾಗದೆ ಹೋದ ಮೇಲೆ, ಹೋದ ವಾರ, ಬೀರೂರಿಗೆ ಹೋದೆ. ಅಜ್ಜಿ ಈಗ ಮಗಳು ಅಳಿಯನ ಜೊತೆಗಿದ್ದಾರೆ. ಅವರೇ ವಠಾರಕ್ಕೆ ಬಂದು ನೆಲೆಸಿದ್ದಾರೆ. ಮನೆ ತುಂಬ ಮೊಮ್ಮಕ್ಕಳ ಗದ್ದಲ. ನಾನು ಏನೂ ಕೇಳುವ ಮೊದಲೇ ಅಜ್ಜಿ ಅಳಿಯನ ಕೈಲಿ ಅಟ್ಟದಿಂದ ರಟ್ಟಿನ ಡಬ್ಬಿ ಇಳಿಸಿಸಿದರು. ಕಂಪ್ಯೂಟರು, ಜಾಯ್‌ಸ್ಟಿಕ್ಕು, ಎರಡು ನೋಟ್‌ಬುಕ್ಕು. ನನ್ನದನ್ನೂ ದಿಂಬಿನ ಕೆಳಗಿನಿಂದ ತೆಗೆದು ತಾತನೇ ಇಟ್ಟುಕೊಂಡಿದ್ದರಂತೆ.

"ತಗೊಂಡ್ಹೋಗು. ನೀನಾಗೇ ಬರೋತಂಕ ಯಾರ್ಗೂ ಕೊಡ್ಬ್ಯಾಡ ಅಂದಿದ್ರು. ವಾರಕ್ಕೊಂದ್ಸಲ ಹಚ್ಚಿ, ಸುಮ್ನೆ ನೋಡಿ ಆರಿಸ್ತಿದ್ರು. ಯಾಕ್ರೀ ಹಾರ್ಸಲ್ಲ ಅಂದ್ರೆ, ತರೀಕೆರೆಯಿಂದ ಇನ್ನೂ ಬಂದಿಲ್ಲ ಅನ್ನೋರು. ಏನ್ ಬಂದಿಲ್ಲ ಅಂತ ನಂಗೇನ್ ಗೊತ್ತು ಮಗಾ."

ಕಣ್ಣು ಮಂಜಾಗಿತ್ತೇ ಎಂದು ಕೇಳಿದೆ.

"ಕಣ್ಣಿಗೇನಾಗಿತ್ತು. ಕೊನೇ ದಿನದವರ್ಗೂ ಪೇಪರ್ ಓದೋರು."

ನಿನ್ನೆ ಮಧ್ಯಾಹ್ನ ಕಡೂರಿನ ನನ್ನ ಕೋಣೆಯಲ್ಲಿ ಎಲ್ಲ ಜೋಡಿಸಿದೆ. ಮೊದಲು ಅವರ ಪುಸ್ತಕ ತೆರೆದೆ. ಕೊನೆಯ ಸಾಲು: ತರೀಕೆರೆ, ನಲವತ್ತೇಳು, ಬಿಟ್ಟ ವೇಳೆ. ಬಂದ ವೇಳೆಯ ಅಂಕಣ ಖಾಲಿ. ಅದರ ಕೆಳಗೆ ಮತ್ತೆ ಒಂದು ಸಾಲೂ ಇರಲಿಲ್ಲ. ಗೆರೆ ಎಳೆದಿಟ್ಟ ಹಾಳೆಗಳು ಕೊನೆಯ ರಟ್ಟಿನವರೆಗೂ ಹಾಗೇ ಇದ್ದವು. ನಾನು ಲೈನ್ ಕೊಟ್ಟಿದ್ದೆ, ಬಂತೆಂದು ಹೇಳಿರಲಿಲ್ಲ. ಲೈನು ಖಾಲಿಯಾಗದೆ ಅವರು ಇನ್ನೊಂದು ವಿಮಾನ ಬಿಡುವವರಲ್ಲ.

ಕಂಪ್ಯೂಟರು ಹೊತ್ತಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡಿತು. ಉಳಿಸಿಟ್ಟ ಹಾರಾಟಗಳ ಪಟ್ಟಿಯಲ್ಲಿ ಎರಡೇ ಇದ್ದವು. ಒಂದು ಬೀರೂರು. ಇನ್ನೊಂದರ ಹೆಸರು ನಲವತ್ತೇಳು. ಅದನ್ನು ತೆರೆದಾಗ ಮೊದಲು ಬಂದದ್ದು ಸದ್ದು, ಸಣ್ಣಗೆ ಗುಂಯ್‌ಗುಡುವ ಸದ್ದು. ನಾನು ಅದನ್ನು ಒಮ್ಮೆ ಮುಂದಕ್ಕೆ ಹಾಕಿದ ಬಾಗಿಲಿನಾಚೆಯಿಂದ ಕೇಳಿದ್ದೆ.

ಆಮೇಲೆ ಚಿತ್ರ ಬಂತು. ಕಂದು ಬಯಲಿನ ಮಧ್ಯೆ ವಿಮಾನ ನಿಂತಿತ್ತು. ಎಂಜಿನ್ ಆರಿಸಿರಲಿಲ್ಲ, ಮೂತಿಯ ಫ್ಯಾನಿನ ರೆಕ್ಕೆ ತಿರುಗುತ್ತಲೇ ಇತ್ತು. ಮೂಲೆಯ ಗಡಿಯಾರದಲ್ಲಿ ಆ ಭಾನುವಾರದ ನಾಲ್ಕು ಐವತ್ತೆರಡು. ನಾನು ನೋಡುತ್ತಿದ್ದಂತೆಯೇ ಅದು ಐವತ್ತಮೂರಾಯಿತು.

ಎದ್ದು ನಿಂತೆ. ಅಲ್ಲಿ ಕೂತು ನೋಡುವ ಪದ್ಧತಿ ಇರಲಿಲ್ಲ. ಎರಡು ಚಕ್ರ, ಮೂತಿಯ ಚಕ್ರ, ಎರಡೂ ರೆಕ್ಕೆ. ನೋಟವನ್ನು ಹಿಂದಕ್ಕೆ ತಿರುಗಿಸಿ ಬಾಲವನ್ನೂ ನೋಡಿದೆ. ಪೂರ್ತಿ ಬಂದಿತ್ತು. ಬಹಳ ಚೆನ್ನಾಗಿ ಇಳಿಸಿದ್ದರು.

ನನ್ನ ಪುಸ್ತಕದಲ್ಲಿ "ಬಂತು" ಎಂದು ಬರೆದೆ. ವೇಳೆ ಬರೆದೆ. ಕೊನೆಯ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಗೆಳತಿಯರು ಬಂದಿದ್ದರು ಎಂದು ಬರೆಯಬಹುದಾಗಿತ್ತು. ಮನೆ ಬದಲಿಸಿದೆವು, ಪರೀಕ್ಷೆ ಇತ್ತು, ಬಸ್ಸಿಗೆ ಹೊತ್ತಾಗಿತ್ತು. ತಡವಾದರೆ ಕಾರಣ. "ಕೇಳಿಸಿತ್ತು. ಎದ್ದು ಬರಲಿಲ್ಲ" ಎಂದು ಬರೆದೆ.

ಅಡುಗೆಮನೆಯಿಂದ ಲೋಟ ತಂದು ಮೂರು ಸಲ ಹೊಡೆದೆ. ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ವಿಮಾನ ಗುಂಯ್‌ಗುಡುತ್ತಲೇ ಇತ್ತು.

ಅವರ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ಪೆನ್ನು ಕೈಯಲ್ಲೇ ಇತ್ತು. ಆದರೆ ಆ ಅಂಕಣ ತುಂಬಬೇಕಾದವರು ಬೀರೂರಿನ ಮಾಷ್ಟ್ರು. ಅದನ್ನು ಹಾಗೇ ಬಿಟ್ಟಿದ್ದೇನೆ.