ರಾಕೆಟ್ ಹಿಡಿದಿದ್ದ ಕೈ

ಬೆಳಗಿನ ಐದೂವರೆ. ಕಾಗೆಗಳು ಇನ್ನೂ ಆಕಳಿಸುತ್ತಿರುವಾಗಲೇ ಡಬ್ಬಿಯಕ್ಕ ಹಳೆಯ ಸಿನಿಮಾಗಳ ಉಗ್ರಾಣದಲ್ಲಿ ತಗಡಿನ ಡಬ್ಬಿಯೊಂದರ ಮುಚ್ಚಳ ತೆಗೆದು ಮೂಸುತ್ತಾರೆ. ಹುಳಿ ವಾಸನೆ ಬಂದರೆ ರೀಲು ಕೆಡುತ್ತಿದೆ ಎಂದರ್ಥ. ಆ ಮೂಗಿನ ಮುಂದೆ ಲೋಕದ ಯಂತ್ರಗಳೆಲ್ಲ ತಲೆತಗ್ಗಿಸಬೇಕು. ಮುಚ್ಚಳ ತೆಗೆಯುವ ಮೊದಲೇ ಖಳನಾಯಕ ಯಾರೆಂದು ಅದು ಹೇಳಿಬಿಡುತ್ತದೆ. ನಂಬಿಕೆ ಬಾರದಿದ್ದರೆ ಕಾವಲುಗಾರನನ್ನು ಕೇಳಿ.

ಮೂವತ್ತೊಂದು ವರ್ಷಗಳಿಂದ ಇದೇ ಕೆಲಸ. ದಿನಕ್ಕೆ ಎರಡು ಸಾವಿರ ಅಡಿ ರೀಲು, ಅಂದರೆ ಮೂವತ್ತೆರಡು ಸಾವಿರ ಪುಟ್ಟ ಚಿತ್ರಗಳು ಅವರ ಬೆರಳ ಸಂದಿಯಲ್ಲಿ ಹಾದುಹೋಗುತ್ತವೆ. ಇಷ್ಟು ಹೊತ್ತಿಗೆ ಭೂಮಿಗೆ ಏಳು ಸುತ್ತು ಸುತ್ತಬಹುದಾದಷ್ಟು ರೀಲು ಒರೆಸಿದ್ದಾರೆ. ಲೆಕ್ಕ ತುಸು ಹೆಚ್ಚಾಗಿದ್ದರೂ ಸೊಂಟನೋವು ಮಾತ್ರ ಅಷ್ಟೇ ಇದೆ. "ಚರ್ಮ ಸುಲಿದು ಸುಲಿದು ಬೆರಳಚ್ಚೇ ಹೋಗ್ಬಿಟ್ಟಿದೆ. ಕಳ್ಳತನ ಮಾಡಿದ್ರೂ ಸಿಕ್ಕಿಬೀಳಲ್ಲ," ಎಂದು ನಗುತ್ತಾರೆ.

ಈಗ ಮೇಜಿನ ಮೇಲಿರುವುದು ನಲವತ್ತಾರು ವರ್ಷ ಹಿಂದಿನ ಚಂದ್ರಯಾನದ ಸಿನಿಮಾ. ಅದರಲ್ಲಿ ನಾಯಕ ಚಂದ್ರನ ಮೇಲೆ ಕೊಡೆ ಹಿಡಿದು ಓಡಾಡುತ್ತಾನೆ. ಅನ್ಯಗ್ರಹದ ರಾಕ್ಷಸನ ಬೆನ್ನಲ್ಲಿ ಜಿಪ್ಪು ಕಾಣುತ್ತದೆ. ಅಂದು ಮಕ್ಕಳು ಹೆದರಿ ಅತ್ತಿದ್ದರು. ಇಂದು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಅಕ್ಕನ ಅಣ್ಣ ಆ ಸಿನಿಮಾದಲ್ಲಿ ಕೂಲಿ. ಅಟ್ಟಣೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ತಂತಿ ಕಟ್ಟಿದ ಮರದ ರಾಕೆಟ್ಟನ್ನು ಹಾರಿಸುತ್ತಿದ್ದ. ಹೆಸರಿನ ಪಟ್ಟಿಯಲ್ಲಿ ಅವನಿಲ್ಲ. ಸತ್ತು ಇಪ್ಪತ್ತು ವರ್ಷವಾಯಿತು. ಮನೆಯಲ್ಲಿ ಅವನದೊಂದು ಫೋಟೊ ಸಹ ಇಲ್ಲ.

ಕಳೆದ ವಾರ ಐದನೆಯ ರೀಲಿನಲ್ಲಿ, ರಾಕೆಟ್ಟಿನ ಮೇಲ್ಗಡೆ, ಅಕ್ಕನಿಗೆ ಮಸುಕಾದ ಕೊಳೆ ಕಂಡಿತು. ಎರಡು ದಿನ ಒರೆಸಿದರು. ಒರೆಸಿದಷ್ಟೂ ಅದು ಹೋಗುವ ಬದಲು ಸ್ಪಷ್ಟವಾಯಿತು: ಮೊದಲು ತಂತಿ, ಆಮೇಲೆ ಬೆರಳುಗಳು, ಕೊನೆಗೆ ಹಿಂದೊಮ್ಮೆ ರಾಟೆಗೆ ಸಿಕ್ಕಿ ಸೊಟ್ಟಗಾಗಿದ್ದ ಅಣ್ಣನ ಕಿರುಬೆರಳು.

"ಬಟ್ಟೆ ಕೈಯಿಂದ ಜಾರಿಬಿತ್ತು. ನಮ್ಮಣ್ಣನ್ನೇ ಅಳಿಸೋಕೆ ಹೊರಟಿದ್ದೆನಲ್ಲ ಅನ್ನಿಸ್ತು."

ಆ ಕೈ ಇರುವುದು ಹನ್ನೊಂದು ಚಿತ್ರಗಳಲ್ಲಿ. ಪರದೆಯ ಮೇಲೆ ಅರ್ಧ ಸೆಕೆಂಡೂ ಇಲ್ಲ.

ಇಂದು ರೀಲು ಕಂಪ್ಯೂಟರಿಗೆ ಹೋಗಿ ಹೊಸ ಪ್ರತಿಯಾಗಬೇಕು. ಉಗ್ರಾಣದ ಅಧಿಕಾರಿ ಬೆಳಗ್ಗೆಯೇ ಬಂದು ನಿಂತಿದ್ದಾರೆ.

"ಕೈ ಅಳಿಸಿಬಿಡೋಣ ಅಕ್ಕಾ. ಜನ ನಗ್ತಾರೆ."

"ಕೊಡೆಗೆ ನಗಲ್ವಾ ಸಾರ್? ಜಿಪ್ಪಿಗೆ? ಅವೆಲ್ಲ ಇರಬಹುದು, ಇವನೊಬ್ಬ ಇರಬಾರದಾ?"

"ಅದು ತಪ್ಪು ಅಲ್ವಾ?"

"ತಪ್ಪೇ. ಆದ್ರೆ ಕ್ಯಾಮೆರಾ ಕಂಡ ತಪ್ಪು. ಧೂಳು ತೆಗೆಯೋದು ನನ್ನ ಕೆಲಸ. ಕ್ಯಾಮೆರಾ ಕಂಡಿದ್ದನ್ನ ತೆಗೆಯೋದು ನನ್ನ ಕೆಲಸಾನೂ ಅಲ್ಲ, ನಿಮ್ಮದೂ ಅಲ್ಲ."

ಇಷ್ಟು ವರ್ಷ "ಆಯ್ತು ಸಾರ್" ಬಿಟ್ಟು ಬೇರೆ ಮಾತಾಡದ ಹೆಂಗಸು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಆ ಹನ್ನೊಂದು ಚಿತ್ರಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡುತ್ತಾರೆ. ಕೊನೆಗೆ ಕಂಪ್ಯೂಟರಿನಲ್ಲಿ ಅಳಿಸಬೇಕಾದ ದೋಷಗಳ ಪಟ್ಟಿಯನ್ನು ಅಕ್ಕನ ಕಡೆ ತಳ್ಳುತ್ತಾರೆ. "ಏನು ಅಂತ ನೀವೇ ಬರೀರಿ. ನಾನು ಸಹಿ ಹಾಕ್ತೀನಿ."

ಅಕ್ಕ ನಿಧಾನವಾಗಿ, ಅಕ್ಷರ ಗುಂಡಗೆ ಬರುವಂತೆ ಬರೆಯುತ್ತಾರೆ: "ಕೊಳೆಯಲ್ಲ. ಕೆಲಸಗಾರನ ಕೈ. ಒರೆಸಬಾರದು."