ಕಾಗೆ ಮುಟ್ಟದ ಎಡೆ

ಶಕುನ, ದೆವ್ವ ಎಂದು ಮಾತೆತ್ತಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಸ್ಟಾಫ್ ರೂಮಿನಲ್ಲಿ ಅಂಥ ಕಥೆ ಶುರುವಾದರೆ ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾಗಸಂದ್ರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳೇ ಅಲ್ಲಿ ಹೆಚ್ಚು. ಕೆಲವರಿಗೆ ಅಪ್ಪನೋ ಅಮ್ಮನೋ ಇರಲಿಲ್ಲ. ಮನೆಯಲ್ಲಿ ತೀರಿಹೋದವರ ಹೆಸರೆತ್ತುವಂತಿಲ್ಲ; "ಅಪ್ಪ ದೂರದ ಊರ್ಗೆ ಡ್ಯೂಟಿಗೋಗವ್ರೆ" ಎಂದು ಮಕ್ಕಳನ್ನು ಸುಮ್ಮನಾಗಿಸುತ್ತಿದ್ದರು. ಹತ್ತನೇ ವಯಸ್ಸಿಗೇ ಅಮ್ಮನನ್ನು ಕಳೆದುಕೊಂಡ ನನಗೆ ಆ ಸಂಕಟ ಗೊತ್ತಿತ್ತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅಂಥ ಏಳೆಂಟು ಮಕ್ಕಳನ್ನು ಚಾಪೆ ಹಾಸಿ ಕೂರಿಸಿಕೊಳ್ಳತೊಡಗಿದೆ. ಹೋದವರ ಬಗ್ಗೆ ಒಬ್ಬೊಬ್ಬರೂ ಒಂದು ಮಾತು ಹೇಳುವುದು, ಅಳು ಬಂದರೆ ಅಳುವುದು, ಅಷ್ಟೇ.

ಒಂದು ಶನಿವಾರ ನಾಲ್ಕನೇ ತರಗತಿಯ ಮಂಜುಳ ತಾನಾಗಿಯೇ ಬಂದು ಕುಳಿತಳು. ಅವಳು ನನ್ನ ತರಗತಿಯವಳಲ್ಲ. ಸರದಿ ಬಂದಾಗ ತಲೆ ತಗ್ಗಿಸಿಕೊಂಡೇ ಹೇಳಿದಳು: "ನಮ್ಮಪ್ಪನ ತಿಥಿ ದಿನ ಕಾಗೆ ಎಡೆ ಮುಟ್ಲೇ ಇಲ್ಲ ಮಿಸ್. ಅಜ್ಜಿ ಬೇಕರಿಯಿಂದ ಬನ್ ತರ್ಸಿ ಇಟ್ಮೇಲೆ ಬಂತು. ಅಪ್ಪಂಗೆ ಬನ್ ಅಂದ್ರೆ ಪ್ರಾಣ." ಬಿಕ್ಕಿ ಬಿಕ್ಕಿ ಅತ್ತಳು. ಉಳಿದ ಮಕ್ಕಳೂ ಅತ್ತರು.

ತಾಯಿಗೆ ಎರಡು ಸಮಾಧಾನದ ಮಾತು ಹೇಳೋಣವೆಂದು ಸಂಜೆ ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಮಂಜುಳಳ ಅಪ್ಪ! ನೈಟ್ ಶಿಫ್ಟಿಗೆ ಹೊರಟಿದ್ದರು. "ಏನ್ ಮಿಸ್, ನಮ್ ಮಗ್ಳು ಸರ್ಯಾಗಿ ಓದ್ತಾ ಇಲ್ವಾ?" ಎಂದು ನಕ್ಕರು. ಏನೋ ನೆಪ ಹೇಳಿ ವಾಪಸು ಬಂದೆ. ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ಶನಿವಾರ ಅವಳನ್ನು ಬಾಗಿಲಲ್ಲೇ ತಡೆದೆ. "ಬದುಕಿರೋ ಅಪ್ಪನ್ನ ಸಾಯಿಸ್ತೀಯಾ? ನಿಜವಾಗ್ಲೂ ಕಳ್ಕೊಂಡಿರೋ ಮಕ್ಕಳು ಕೂರೋ ಜಾಗ ಇದು. ನಡಿ ಆಚೆ!"

"ಸುಳ್ಳಲ್ಲ ಮಿಸ್, ಅಳು ಬತ್ತದೆ," ಎಂದಳು. ನಾನು ಬಾಗಿಲು ಹಾಕಿಕೊಂಡೆ.

ಮೂರು ವಾರವಾಗಿರಬೇಕು. ಶಿಫ್ಟ್ ಮುಗಿಸಿ ಬರುವಾಗ ತುಮಕೂರು ರಸ್ತೆಯಲ್ಲಿ ಅವಳ ಅಪ್ಪನ ಸೈಕಲ್ಲಿಗೆ ಲಾರಿ ಬಡಿಯಿತು. ಅವರು ಅಲ್ಲೇ ಪ್ರಾಣ ಬಿಟ್ಟರು.

ಹನ್ನೊಂದನೆಯ ದಿನ ನಾನೂ ಹೋಗಿದ್ದೆ. ಹಿತ್ತಿಲ ಕಲ್ಲಿನ ಮೇಲೆ ಎಡೆ ಇಟ್ಟು ಎಲ್ಲರೂ ಹಿಂದೆ ಸರಿದು ನಿಂತೆವು. ಹುಣಸೆಮರದಲ್ಲಿದ್ದ ಕಾಗೆಗಳು ಇಳಿಯಲೇ ಇಲ್ಲ. ಕೊನೆಗೆ ಅಜ್ಜಿ, "ನನ್ ಮಗಂಗೆ ಒಂದ್ ಬನ್ನಾದ್ರೂ ತಂದಿಡ್ರೋ" ಎಂದು ಗೋಳಾಡಿದರು. ಯಾರೋ ಬೇಕರಿಗೆ ಓಡಿದರು. ಬನ್ ಇಟ್ಟದ್ದೇ ತಡ, ಕಾಗೆ ಇಳಿಯಿತು.

ಮಗು ಇದನ್ನು ನಿಮಗೆ ಮೊದಲೇ ಹೇಳಿತ್ತೇ ಎಂದು ಅಜ್ಜಿಯನ್ನು ಆಮೇಲೆ ಕೇಳಿದೆ. ಇಲ್ಲ ಎಂದರು. ಮಗು ಬೇರೆ ಯಾರದೋ ತಿಥಿ ನೋಡಿ ಹೇಳಿತ್ತೇನೋ ಎಂದೂ ವಿಚಾರಿಸಿದೆ, ಅದೂ ಅಲ್ಲ. ಇಷ್ಟು ವರ್ಷವಾದರೂ ನನಗೆ ಇದರ ತಲೆಬುಡ ಗೊತ್ತಾಗಿಲ್ಲ. ಗೊತ್ತಾದರೂ ಅವತ್ತು ಬಾಗಿಲು ಹಾಕಿಕೊಂಡ ಸಂಕಟ ಕಮ್ಮಿಯಾಗುತ್ತದೆಂದು ಅನ್ನಿಸುವುದಿಲ್ಲ.

ಆ ವಾರದ ಶನಿವಾರ ಚಾಪೆ ಹಾಸುತ್ತಿದ್ದೆ. ಮಂಜುಳ ಬಂದಳು. ಹೊಸಿಲು ದಾಟದೆ, ಆಚೆಯೇ ನಿಂತು ಕೇಳಿದಳು:

"ಈಗ ಕೂತ್ಕೋಬೋದಾ ಮಿಸ್?"